ಕಚ್ಚಿದ ರೊಟ್ಟಿ

ರೊಟ್ಟಿಯನ್ನು ಕಚ್ಚುವುದೋ ಬಿಡುವುದೋ ಎಂಬುದೇ ಆ ಬೆಳಿಗ್ಗೆ ತಾಷ್ಕೆಂಟಿನಲ್ಲಿ ಇತ್ಯರ್ಥವಾಗಬೇಕಿದ್ದ ಅತ್ಯಂತ ಗಹನವಾದ ಪ್ರಶ್ನೆಯಾಗಿತ್ತು.

ಹೊಸ್ತಿಲಲ್ಲಿ ಅತ್ತೆ ಖೊಸಿಯತ್, ತಂದೂರಿನ ದುಂಡು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡ ನಿಂತಿದ್ದಳು. ಸೊಸೆ ಮುಹಯ್ಯೋ ಒಂದೇ ಕಾಲಿಗೆ ಬೂಟು ಹಾಕಿಕೊಂಡಿದ್ದಳು.

"ರಾತ್ರೀನೂ ಉಣ್ಲಿಲ್ಲ. ಬಾಯಿಗಾದ್ರೂ ಮುಟ್ಟಿಸ್ಕೊಂಡು ಹೋಗೇ."

"ಹಸಿವಿಲ್ಲ ಅತ್ತೆ. ಲ್ಯಾಬಿಗೆ ಹೊತ್ತಾಯ್ತು."

"ಲ್ಯಾಬಲ್ಲಿರೋ ಆ ಕ್ಯಾನ್ಸರ್ ಗೆಡ್ಡೆಗಳಿಗೆ ದಿನಾ ಸಕ್ಕರೆನೀರು ಕುಡಿಸ್ತೀಯ. ನಿಂಗೆ ಒಂದು ತುತ್ತು ಭಾರವಾ?"

ಅವಳು ಹೊರಟಿದ್ದು ಲ್ಯಾಬಿಗಲ್ಲ. ಕುತ್ತಿಗೆಯ ಗಂಟಿಗೆ ಸೂಜಿ ಹಾಕಿ ನೋಡಿದವರು ಕ್ಯಾನ್ಸರ್ ಎಂದಿದ್ದರು. ಎಲ್ಲೆಲ್ಲಿಗೆ ಹರಡಿದೆಯೆಂದು ಇವತ್ತಿನ ಸ್ಕ್ಯಾನ್ ಹೇಳಬೇಕಿತ್ತು. ಗಂಡನಿಗೂ ತಿಳಿಸಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ನರಕ್ಕೆ ಒಂದು ಬಗೆಯ ಸಕ್ಕರೆ ಏರಿಸುತ್ತಾರೆ. ಹಸಿದ ಮೈಯಲ್ಲಿ ಯಾವುದು ನಾಚಿಕೆಯಿಲ್ಲದೆ ಮುಕ್ಕುತ್ತದೋ ಅದು ಪರದೆಯ ಮೇಲೆ ಬೆಳಗುತ್ತದೆ.

ಈ ಹಸಿವಿನ ಬಗ್ಗೆ ಅವಳು ವರ್ಷಗಟ್ಟಲೆ ಪಾಠ ಹೇಳಿದ್ದಳು. ಬೇಕಾದಷ್ಟು ಗಾಳಿಯಿದ್ದರೂ ಸಕ್ಕರೆಯನ್ನು ಅರೆಬರೆ ಸುಟ್ಟು, ಹುಳಿಯನ್ನು ನೆರೆಮನೆಗೆ ಉಗುಳಿ, ಆ ಹುಳಿಗೆ ಕರಗಿದ ಗೋಡೆಯ ಸಂದಿಯಲ್ಲೇ ಒಳನುಗ್ಗುವ ಕೋಶಗಳು. ವಿದ್ಯಾರ್ಥಿಗಳು ನಗುತ್ತಿದ್ದರು. ಅವಳೂ.

ಅತ್ತೆಯ ಬೆನ್ನ ಹಿಂದೆ, ಗೋಡೆಯ ಮೊಳೆಯಲ್ಲಿ ಮಾವನ ರೊಟ್ಟಿಯಿತ್ತು. ದೂರ ಹೊರಟವರು ಒಂದು ತುತ್ತು ಕಚ್ಚಿ ಹೋಗಬೇಕು, ಮರಳಿ ಬಂದು ಉಳಿದದ್ದನ್ನು ತಿಂದು ಮುಗಿಸಬೇಕು. ಮಾವ ಕಚ್ಚಿ ಆಸ್ಪತ್ರೆಗೆ ಹೋಗಿದ್ದ, ಮರಳಿರಲಿಲ್ಲ. ರೊಟ್ಟಿ ಕಲ್ಲಾಗಿತ್ತು. ಹಲ್ಲಿನ ಗುರುತು ಮಾತ್ರ ಇನ್ನೂ ಹೊಸತರಂತಿತ್ತು.

ಮುಹಯ್ಯೋ ಅತ್ತೆಯ ಕೈಯಲ್ಲಿದ್ದ ರೊಟ್ಟಿಯನ್ನು ಕಚ್ಚಿದಳು. ತುತ್ತನ್ನು ಕೆನ್ನೆಯೊಳಗೆ ಒತ್ತರಿಸಿಕೊಂಡು ಹೊರಟಳು.

ಬೀದಿಯಲ್ಲಿ ಉಗುಳಬಹುದಿತ್ತು. ಆದರೆ ಬಿದ್ದ ಚೂರನ್ನೂ ಎತ್ತಿ ಕಣ್ಣಿಗೊತ್ತಿಕೊಳ್ಳುವ ಊರಿನಲ್ಲಿ ರೊಟ್ಟಿಯನ್ನು ಉಗುಳುವುದು ಹೇಗೆ? ಬಸ್ಸಿನಲ್ಲಿ ತುತ್ತು ತಾನಾಗಿಯೇ ಕರಗತೊಡಗಿತು. ಸಿಹಿಯಾಯಿತು. ಜೊಲ್ಲು ರೊಟ್ಟಿಯನ್ನು ಸಕ್ಕರೆ ಮಾಡುತ್ತದೆ. ಅದೂ ಅವಳದೇ ಪಾಠ. ಯಾರಿಗೆ ಉಣಿಸುತ್ತಿದ್ದೇನೆ ಎಂದುಕೊಂಡಳು. ನುಂಗಿದಳು.

"ಏನಾದ್ರೂ ತಿಂದಿದ್ದೀರಾ?" ಸ್ಕ್ಯಾನ್ ಕೋಣೆಯ ನರ್ಸ್ ತಮಾರಾ ತಲೆಯೆತ್ತದೆ ಕೇಳಿದಳು.

"ಒಂದು ತುತ್ತು ರೊಟ್ಟಿ."

"ಸೂಚನೆ ಓದ್ಲಿಲ್ವಾ ಮೇಡಂ?"

"ಅದನ್ನ ಉಜ್ಬೆಕಿಗೆ ಅನುವಾದ ಮಾಡಿದ್ದೇ ನಾನು."

ತಮಾರಾ ತಲೆಯೆತ್ತಿದಳು. "ಇಲ್ಲ ಅಂದಿದ್ರೆ ನಂಗೇನು ಗೊತ್ತಾಗ್ತಿತ್ತು?"

ಒಂದು ತುತ್ತಿಗೆ ಪರೀಕ್ಷೆ ಕೆಡುವುದು ಅನುಮಾನವೆಂದು ಮುಹಯ್ಯೋಗೆ ಗೊತ್ತಿತ್ತು. ನಿಯಮ ನಿಯಮವೇ ಎಂದು ತಮಾರಾ ಮುಂದಿನ ವಾರ ಬರಹೇಳಿದಳು. ಮೆಟ್ಟಿಲಿಳಿಯುವಾಗ ಮೈ ಹಗುರಾಯಿತು. ಆ ಹಗುರಕ್ಕೇ ಅವಳು ಹೆದರಿದಳು. ಒಂದು ವಾರ ಅವಳಿಗೆ ಸಿಕ್ಕಿತ್ತು. ಅವಳಿಗೆ ಮಾತ್ರವಲ್ಲ, ಗಂಟಿಗೂ.

ಮನೆಗೆ ಬಂದಾಗ ಮಾವನ ರೊಟ್ಟಿಯ ಪಕ್ಕದಲ್ಲಿ ಹೊಸ ಮೊಳೆಯೊಂದಿತ್ತು. ಅದರಲ್ಲಿ ಅವಳು ಕಚ್ಚಿದ ರೊಟ್ಟಿ.

"ಯಾಕತ್ತೆ ಇದು? ನಾನೇನು ಊರಿಗೆ ಹೋಗಿದ್ನಾ?"

"ನಿನ್ನ ಮಾವನೂ ಆಸ್ಪತ್ರೆಗೆ ಹೋಗೋ ಹಿಂದಿನ ರಾತ್ರಿ ಉಣ್ಣದೇ ಮಲಗಿದ್ದ. ಹಸಿವಿಲ್ಲ ಅಂದಿದ್ದ." ಖೊಸಿಯತ್ ರೊಟ್ಟಿಗೆ ಕೈ ಚಾಚಿದಳು. "ಬಂದ್ಯಲ್ಲ, ಸಾಕು. ಇಳಿಸ್ಕೊಡ್ತೀನಿ, ತಿನ್ನು."

"ನಾನು ಇನ್ನೂ ಹೋಗೇ ಇಲ್ಲ ಅತ್ತೆ."

ಮುದುಕಿ ಸೊಸೆಯ ಕುತ್ತಿಗೆಯನ್ನೇ ನೋಡಿದಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಹಾಗಾದ್ರೆ ಅಲ್ಲೇ ಇರ್ಲಿ."

ರೊಟ್ಟಿ ಮೊಳೆಯಲ್ಲೇ ಉಳಿಯಿತು.