ಏಳನೇ ರೋಲರ್ ಮತ್ತು ಅಕ್ಕನ ಎಡಗಿವಿ

ನಮ್ಮ ಕಾಗದದ ಕಾರ್ಖಾನೆಯಲ್ಲಿ ಮೂವತ್ತಾರು ರೋಲರ್‌ಗಳಿವೆ. ಒದ್ದೆ ಕಾಗದ ಒಂದು ತುದಿಯಲ್ಲಿ ಹೊಕ್ಕು, ಬಿಸಿ ರೋಲರ್‌ಗಳ ಮೇಲೆ ಹಾದು, ಇನ್ನೊಂದು ತುದಿಯಲ್ಲಿ ಗರಿಗರಿಯಾಗಿ ಹೊರಬರುತ್ತದೆ. ಒಂದು ರೋಲರಿನ ಬೇರಿಂಗ್ ಮುರಿದರೆ ಇಡೀ ಸಾಲು ನಿಂತುಹೋಗುತ್ತದೆ. ಮುರಿಯುವ ಮೊದಲೇ ಅದನ್ನು ಕಂಡುಹಿಡಿಯುವುದು, ಇಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯ ಹೆಂಗಸಿನ ಕೆಲಸ. ಅವರ ಸಲಕರಣೆ ಎಂದರೆ ಒಂದು ಉದ್ದನೆಯ ಉಕ್ಕಿನ ಸರಳು, ಅದರ ತಲೆಗೊಂದು ಮರದ ಗುಂಡು, ಅಷ್ಟೇ. ಸರಳಿನ ಮೊನೆಯನ್ನು ಬೇರಿಂಗ್ ಕೂತಿರುವ ಕಡೆ ಒತ್ತಿ, ಮರದ ಗುಂಡನ್ನು ಎಡಗಿವಿಗೆ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಾರೆ. "ಇದಕ್ಕೆ ಗ್ರೀಸ್ ಸಾಲದು" ಎನ್ನುತ್ತಾರೆ. "ಇದು ಇನ್ನೊಂದು ತಿಂಗಳು ಬಾಳುತ್ತೆ" ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅವರ ಮಾತು ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಒಮ್ಮೆಯಾದರೂ ನೋಡಬೇಕೆಂಬ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಅವರು ಎರಡು ನಿಮಿಷ ಕೇಳಿ ಹೋಗುತ್ತಾರೆ, ಆಮೇಲೆ ಇಡೀ ಪಾಳಿ ಬೆವರು ಸುರಿಸಿ ರೋಲರ್ ಬಿಚ್ಚುವ ಫಿಟ್ಟರ್ ನಾನು. ಇಲ್ಲಿ ನನ್ನನ್ನು ಎಲ್ಲರೂ ಸಿಡುಕಪ್ಪ ಎಂದು ಕರೆಯುವುದು ಸುಮ್ಮನೆ ಅಲ್ಲ.

ಆ ವರ್ಷ ಕಾರ್ಖಾನೆಗೆಲ್ಲ ನೆಗಡಿ ಬಂತು, ಅಕ್ಕನಿಗೂ ಬಂತು. ಮೂಗು ಸರಿಹೋದ ವಾರಕ್ಕೆ ಅವರು ಹನ್ನೊಂದನೇ ರೋಲರ್ ನಿಲ್ಲಿಸಿದರು. "ಒಳಗೆ ಚಟಪಟ ಅಂತಿದೆ, ಬಿಚ್ಚು" ಎಂದರು. ಬಿಚ್ಚಿದೆ. ಬೇರಿಂಗ್ ಫಳಫಳ ಹೊಳೆಯುತ್ತಿತ್ತು. ನಾಲ್ಕು ದಿನ ಬಿಟ್ಟು ಇಪ್ಪತ್ತನೇದಕ್ಕೂ ಅದೇ ಚಟಪಟ, ಅದೇ ಬಿಚ್ಚಾಟ. ಅದರಲ್ಲೂ ಹುಡುಕಿದರೂ ಒಂದು ಗೀರು ಸಿಗಲಿಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ಹೊಸದಾಗಿ ಬಂದಿದ್ದ ಮ್ಯಾನೇಜರ್ ಅಕ್ಕನ ಎದುರಿಗೇ ಹೇಳಿದರು: "ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಪ್ಯಾಕಿಂಗ್‌ಗೆ ಹಾಕ್ತೀನಮ್ಮ."

ನಾಲ್ಕು ಮಾತು ಆಡಿಯೇ ಬಿಡೋಣವೆಂದು ನಾನು ಚಹಾದ ಕೋಣೆಗೆ ಹೋದೆ. ಅಕ್ಕ ಒಬ್ಬರೇ ಬೆಂಚಿನ ಮೇಲೆ ಕೂತಿದ್ದರು. ಅವರ ಎಡಕ್ಕೆ ನಿಂತು ನನ್ನ ಪುರಾಣ ಶುರುಮಾಡಿದೆ. ಅವರು ತಿರುಗಲೇ ಇಲ್ಲ. ದನಿ ಏರಿಸಿದೆ, ಆಗಲೂ ಇಲ್ಲ. ಲೋಟ ಎತ್ತಿ ಒಂದು ಗುಟುಕು ನುಂಗಿದವರು ತಟ್ಟನೆ ಕಿವಿಗೆ ಕೈ ಇಟ್ಟುಕೊಂಡರು.

"ಇಲ್ಲೂ ಚಟಪಟ ಅಂತಿದೆಯಲ್ಲೋ" ಎಂದರು.

ಚಹಾದ ಕೋಣೆಯಲ್ಲಿ ಯಂತ್ರ ಎಲ್ಲಿಂದ ಬರಬೇಕು? ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡು ರೋಲರ್ ಬಿಚ್ಚಿಸಿದ ಸದ್ದು ಅವರ ಕಿವಿಯದೇ ಆಗಿತ್ತು. ಬೇರೆ ಯಾರಿಗಾದರೂ ಕಿವಿ ಚಟಪಟ ಎಂದರೆ ಕಿವಿ ಕೆಟ್ಟಿತು ಎಂದುಕೊಳ್ಳುತ್ತಾರೆ. ನಮ್ಮ ಅಕ್ಕ ಬೇರಿಂಗ್ ಕೆಟ್ಟಿತು ಎಂದುಕೊಂಡಿದ್ದರು. ನನಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅವರು, "ಬಲಗಿವಿ ಕಟಿಂಗ್ ಮೆಷಿನ್ ಗದ್ದಲಕ್ಕೆ ಎಂದೋ ಮಂದ ಆಯ್ತು. ಇದೊಂದಿತ್ತು. ಇದೂ ಹೋಯ್ತೇನೋ ಅಂತ ಭಯ ಆಗ್ತಿದೆ" ಎಂದರು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು.

ಮರುದಿನ ಬೆಳಿಗ್ಗೆ ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಡಾಕ್ಟರು ದೀಪ ಬಿಟ್ಟು ಕಿವಿ ನೋಡಿದರು, ಸಪೂರ ನಳಿಕೆ ಹಾಕಿ ಮೂಗಿನ ಹಿಂಭಾಗವನ್ನೂ ನೋಡಿದರು.

"ಮೂಗಿನ ಹಿಂದಿನಿಂದ ಕಿವಿಗೆ ಒಂದು ಕಿರಿದಾದ ದಾರಿ ಇದೆ" ಎಂದು ಅಕ್ಕನ ಬಲಗಡೆ ಬಂದು ಬಿಡಿಸಿ ಹೇಳಿದರು. "ನಾವು ನುಂಗಿದಾಗ, ಆಕಳಿಸಿದಾಗ ಅದು ತೆರೆದು ಕಿವಿಯೊಳಗೆ ಗಾಳಿ ಹೋಗುತ್ತೆ. ನೆಗಡಿಯಿಂದ ಅದು ಊದಿಕೊಂಡಿದೆ. ಗಾಳಿ ಹೋಗದೆ ಕಿವಿಯ ತಮಟೆಯ ಹಿಂದೆ ಲೋಳೆ ತುಂಬಿಕೊಂಡಿದೆ. ನೀವು ನುಂಗಿದಾಗ ಚಟಪಟ ಅನ್ನೋದು ಅದೇ."

"ಎಣ್ಣೆ ಬಿಸಿ ಮಾಡಿ ಬಿಡಬಹುದಾ ಡಾಕ್ಟ್ರೇ?" ಎಂದೆ ನಾನು.

ಡಾಕ್ಟರು ನನ್ನನ್ನು ತುಕ್ಕು ಹಿಡಿದ ಬೋಲ್ಟು ನೋಡಿದ ಹಾಗೆ ನೋಡಿದರು. "ಲೋಳೆ ಇರೋದು ತಮಟೆಯ ಆಚೆ. ಈ ಕಡೆಯಿಂದ ಎಣ್ಣೆ ಬಿಟ್ಟರೂ ಅಲ್ಲಿಗೆ ಹೋಗಲ್ಲ, ಕಡ್ಡಿ ಹಾಕಿದರೆ ತಮಟೆ ಹರಿಯುತ್ತೆ. ಕುದಿಸಿ ಆರಿಸಿದ ಉಪ್ಪುನೀರಲ್ಲಿ ಮೂಗು ತೊಳೀರಿ. ಒಂದೊಂದೇ ಹೊಳ್ಳೆಯಿಂದ ಮೆಲ್ಲಗೆ ಸಿಂಬಳ ತೆಗೀರಿ, ಜೋರು ಮಾಡಬೇಡಿ. ಆಗಾಗ ನುಂಗಿ, ಆಕಳಿಸಿ. ಹೆಚ್ಚಿನವರಿಗೆ ಕೆಲವು ವಾರದಲ್ಲಿ ತಾನೇ ಇಳಿಯುತ್ತೆ. ಮೂರು ತಿಂಗಳಾದರೂ ಇಳಿಯದಿದ್ದರೆ ತಮಟೆಗೆ ಸಣ್ಣ ತೂತು ಮಾಡಿ ಲೋಳೆ ತೆಗೀತೀನಿ."

ಆಮೇಲೆ ತಟ್ಟಿದರೆ ನಾದ ಹೊರಡುವ, ಕವಲಿರುವ ಒಂದು ಉಕ್ಕಿನ ತುಂಡನ್ನು ತಟ್ಟಿ ಅಕ್ಕನ ಎಡಗಿವಿಯ ಮುಂದೆ ಹಿಡಿದರು. ಅಕ್ಕ ತಲೆಯಾಡಿಸಿದರು, ಏನೋ ದೂರದಲ್ಲಿ ಕೇಳಿದ ಹಾಗೆ. ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಅಕ್ಕನ ಮುಖ ಅರಳಿತು.

"ಒಳಗಿನ ಕಿವಿ ಚೆನ್ನಾಗಿದೆ, ಗಾಳಿಯ ದಾರಿ ಮಾತ್ರ ಕಟ್ಟಿದೆ. ಮೂಳೆಯ ದಾರಿಗೆ ಏನೂ ಆಗಿಲ್ಲ" ಎಂದರು ಡಾಕ್ಟರು.

ಅಕ್ಕ ಆ ಉಕ್ಕಿನ ತುಂಡನ್ನೇ ಎವೆಯಿಕ್ಕದೆ ನೋಡುತ್ತಿದ್ದರು.

ಮರುದಿನ ನೋಡುತ್ತೇನೆ, ಮರದ ಗುಂಡು ಕಿವಿಯಲ್ಲಿಲ್ಲ, ಕಿವಿಯ ಹಿಂದಿನ ಮೂಳೆಯ ಮೇಲಿದೆ. ಇಪ್ಪತ್ತೆರಡು ವರ್ಷದ ಅಭ್ಯಾಸ ಬದಿಗಿಟ್ಟು ಹೊಸದಾಗಿ ಕಲಿಯುತ್ತಿದ್ದರು. ಚಟಪಟ ಕೇಳಿದರೆ ಸರಳು ತೆಗೆದು ಎಂಜಲು ನುಂಗಿ ನೋಡುವುದು. ನುಂಗಿದಾಗ ಬಂದರೆ ಅದು ತನ್ನ ಕಿವಿಯದು. ಆಮೇಲೆ ನುಂಗದೆ, ಉಸಿರು ಬಿಗಿಹಿಡಿದು ಮತ್ತೆ ಕೇಳುವುದು. ಮೂವತ್ತಾರು ರೋಲರ್, ಒಂದೊಂದಕ್ಕೂ ಎರಡೆರಡು ಸಲ. ಆ ಬಿಸಿ ಹಬೆಯಲ್ಲಿ ಅವರ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು. ನನ್ನ ಕಿವಿ ಕೆಟ್ಟಿದ್ದರೆ ರಜೆ ಹಾಕಿ ಮಲಗುತ್ತಿದ್ದೆ. ಈ ಹೆಂಗಸಿನ ಮುಂದೆ ನಾನು ಯಾವ ಲೆಕ್ಕ ಎಂದು ಅವತ್ತು ಅನ್ನಿಸಿತು.

ಎಂಟನೇ ದಿನ ಅಕ್ಕ ಏಳನೇ ರೋಲರಿನ ಮುಂದೆ ಬಹಳ ಹೊತ್ತು ನಿಂತರು. "ಇದನ್ನ ನಿಲ್ಲಿಸಬೇಕು" ಎಂದರು.

ಮ್ಯಾನೇಜರ್ ಬಂದರು. "ಮೂರನೇ ಸಲ ಅಮ್ಮ, ನಾನು ಹೇಳಿದ್ದು ನೆನಪಿದೆಯಲ್ಲ?" ಎಂದು, ನನ್ನ ಕಡೆ ತಿರುಗಿ, "ನೀವು ಕೇಳಿ ಹೇಳಿ" ಎಂದರು.

ಸರಳು ತೆಗೆದುಕೊಂಡು ಕಿವಿಗೆ ಇಟ್ಟೆ. ಒಂದೇ ಸಮನೆ ಗುಂಯ್ ಎನ್ನುತ್ತಿತ್ತು, ಬೇರೇನೂ ಇರಲಿಲ್ಲ. ಕಣ್ಣು ಮುಚ್ಚಿದೆ, ಜಾಗ ಬದಲಿಸಿದೆ. ಗುಂಯ್. ಕಣ್ಣು ಬಿಟ್ಟರೆ ಅಕ್ಕ ನನ್ನನ್ನೇ ನೋಡುತ್ತಿದ್ದರು. ಬೇಡಿಕೊಳ್ಳುವ ನೋಟವಲ್ಲ, ಸುಮ್ಮನೆ ಕಾಯುತ್ತಿದ್ದರು.

"ಕೇಳಿಸ್ತಿದೆ ಸಾರ್, ಬಿಚ್ಚಲೇಬೇಕು" ಎಂದೆ.

ರೋಲರ್ ಬಿಚ್ಚಿದೆ. ಗ್ರೀಸ್ ಒರೆಸಿದೆ. ಬೇರಿಂಗಿನೊಳಗಿನ ಉಕ್ಕಿನ ಗುಂಡುಗಳು ಸರಿಯಾಗಿದ್ದವು. ಗುಂಡುಗಳನ್ನು ಹಿಡಿದಿಡುವ ಹಿತ್ತಾಳೆ ಬಳೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದೆ. ಅಂಚಿನಿಂದ ಅಂಚಿಗೆ ಕೂದಲೆಳೆಯಷ್ಟು ಬಿರುಕು. ಇನ್ನೆರಡು ದಿನ ಓಡಿದ್ದರೆ ಚೂರುಚೂರಾಗಿ ರೋಲರನ್ನೇ ತಿಂದುಹಾಕುತ್ತಿತ್ತು. ಮ್ಯಾನೇಜರ್ ಬಿರುಕಿನ ಮೇಲೆ ಉಗುರು ಎಳೆದು ನೋಡಿದರು. "ನನ್ನದು ತಪ್ಪಾಯ್ತಮ್ಮ" ಎಂದರು. ಪ್ಯಾಕಿಂಗಿನ ಮಾತು ಮತ್ತೆ ಬರಲಿಲ್ಲ.

ಅದಾಗಿ ಹದಿನೈದು ದಿನಕ್ಕೆ ಚಹಾದ ಕೋಣೆಯಲ್ಲಿ ಅಕ್ಕ ಬಾಯ್ತುಂಬ ಆಕಳಿಸಿದವರು ಹಾಗೇ ನಿಂತುಬಿಟ್ಟರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ, "ಸಿಡುಕಪ್ಪ, ಅಷ್ಟು ಜೋರಾಗಿ ಗೊಣಗಬೇಡ, ಕೇಳಿಸ್ತಿದೆ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಬಾಗಿಲ ಹೊರಗೆ ನಿಂತು ಯಾರನ್ನೋ ಬೈಯುತ್ತಿದ್ದೆ.

ಅಂದೇ ಮಧ್ಯಾಹ್ನ ಏಳನೇ ರೋಲರಿನ ಹತ್ತಿರ ಕೇಳಿದರು: "ಅವತ್ತು ನಿನಗೆ ಏನೂ ಕೇಳಿಸಿರಲಿಲ್ಲ, ಅಲ್ವಾ?"

"ಇಲ್ಲ ಅಕ್ಕ."

"ಮತ್ತೆ ಕೇಳಿಸ್ತು ಅಂತ ಯಾಕೆ ಹೇಳಿದೆ?"

"ನಿಮಗೆ ಕೇಳಿಸಿತ್ತಲ್ಲ."

ಅಕ್ಕ ಸರಳನ್ನು ನನ್ನ ಕೈಗೆ ಕೊಟ್ಟು, ಮರದ ಗುಂಡನ್ನು ನನ್ನ ಕಿವಿಯ ಹಿಂದಿನ ಮೂಳೆಗೆ ತಾವೇ ಸರಿಯಾಗಿ ಕೂರಿಸಿ, "ಉಸಿರು ಹಿಡಿ, ನುಂಗಬೇಡ" ಎಂದರು.