ದುಡ್ಡು ಕೊಟ್ಟವಳಿಗೇ ಕಳ್ಳಿಯ ಪಟ್ಟ

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ಸರೋಜಳ ಕಂಪ್ಯೂಟರ್ ಅಂಗಡಿ. ಅರ್ಜಿ ಟೈಪು ಮಾಡುವುದು, ಮದುವೆ ಫೋಟೋಗಳನ್ನು ಸಿ.ಡಿ.ಗೆ ಹಾಕಿಕೊಡುವುದು, ಇಮೇಲ್ ಇಲ್ಲದವರಿಗೆ ತನ್ನ ಇಮೇಲ್‌ನಲ್ಲೇ ಕಾಗದ ತರಿಸಿಕೊಡುವುದು, ಎಲ್ಲದಕ್ಕೂ ಇದ್ದದ್ದು ಒಂದೇ ಕಂಪ್ಯೂಟರ್. 2008ರ ದೀಪಾವಳಿ ಕಳೆದ ಮೇಲೆ ಅದು ಕೈಕೊಡಲು ಶುರುಮಾಡಿತು. ಎಷ್ಟು ಸಲ ಸಿ.ಡಿ. ಹಾಕಿದರೂ ಫೋಟೋ ಬರೆಯುವುದೇ ಇಲ್ಲ. ಮದುವೆ ಮನೆಯವರು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ರಿಪೇರಿಯವನು ಬಂದು ಎಲ್ಲ ಅಳಿಸಿ ಹೊಸದಾಗಿ ತುಂಬಿಸಿಕೊಟ್ಟ. ಕಂಪ್ಯೂಟರ್ ಸರಿಯಾಯಿತು. ಸರೋಜ ತನ್ನ ಕಾರ್ ರೇಸಿನ ಆಟವನ್ನು ಮತ್ತೆ ಹಾಕಿಕೊಂಡಳು. ಮಧ್ಯಾಹ್ನ ಅಂಗಡಿಗೆ ಜನ ಬಾರದ ಹೊತ್ತಿನಲ್ಲಿ ಅರ್ಧ ಗಂಟೆ ಕಾರು ಓಡಿಸುವುದು ನಲವತ್ತರ ಆ ಹೆಂಗಸಿನ ಒಂದೇ ಒಂದು ಮೋಜು. ಅದಕ್ಕೆಂದೇ ಶಿವಮೊಗ್ಗಕ್ಕೆ ಹೋಗಿ, ಬಿಲ್ ಹಾಕಿಸಿಕೊಂಡು, ಅಸಲಿ ಸಿ.ಡಿ. ತಂದಿದ್ದಳು. ಎರಡು ದಿನಕ್ಕೆ ಮತ್ತೆ ಅದೇ ರಗಳೆ. ಮತ್ತೆ ರಿಪೇರಿ. ಆಮೇಲೆ ಆಟ ಹಾಕಲು ಹೋದರೆ ಪರದೆಯ ಮೇಲೆ ಒಂದು ಸಾಲು ಬಂತು: ಈ ಆಟವನ್ನು ಹಾಕಿಕೊಳ್ಳಲು ನಿಮಗೆ ಕೊಟ್ಟ ಅವಕಾಶಗಳು ಮುಗಿದಿವೆ.

ಸರೋಜ ಆಟದ ಕಂಪನಿಗೆ ಫೋನ್ ಮಾಡಿದಳು. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಮಾತಾಡಿದ.

"ಎಷ್ಟು ಜನರಿಗೆ ಕಾಪಿ ಮಾಡಿ ಕೊಟ್ಟಿದ್ದೀರಿ ಮೇಡಂ?"

ಸರೋಜ ದನಿ ಏರಿಸಿದಳು. "ಯಾರಿಗೂ ಕೊಟ್ಟಿಲ್ಲ. ನನ್ನ ಹತ್ರ ಬಿಲ್ ಇದೆ."

"ಹಾಗಾದ್ರೆ ಇನ್ನೊಂದು ಸಿ.ಡಿ. ತಗೊಳ್ಳಿ," ಎಂದು ಅವನು ಫೋನ್ ಇಟ್ಟ.

ಗಂಡ ಸಂತೋಷ ನರಸಿಂಹರಾಜಪುರದ ಕಡೆಗೆ ಬಸ್ ಓಡಿಸುವವನು. ಊಟಕ್ಕೆ ಬಂದವನು ಇದನ್ನು ಕೇಳಿ ನಕ್ಕ. "ಎಂತ ಮಾರಾಯ್ತಿ, ಸಂತೆಯಲ್ಲಿ ಕಳ್ಳ ಸಿ.ಡಿ. ಸಿಗ್ತದೆ. ಅದನ್ನ ತಂದವರೆಲ್ಲ ಆರಾಮಾಗಿ ಆಡ್ತಿದ್ದಾರೆ. ನಿಂಗೆ ಎಂತಕ್ಕೆ ಬೇಕಿತ್ತು ಈ ಹರಿಶ್ಚಂದ್ರನ ವ್ಯಾಪಾರ?"

ಆ ಮಾತು ಸರೋಜಳಿಗೆ ಚುಚ್ಚಿತು. ಚುಚ್ಚಿದ್ದು ಅದು ಸುಳ್ಳಾಗಿದ್ದಕ್ಕಲ್ಲ, ನಿಜವಾಗಿದ್ದಕ್ಕೆ.

ಅಷ್ಟಕ್ಕೇ ಮುಗಿದಿದ್ದರೆ ಅವಳೂ ಸುಮ್ಮನಾಗುತ್ತಿದ್ದಳೋ ಏನೋ. ಮುಂದಿನ ವಾರ ಅವಳ ಇಮೇಲ್ ತೆರೆಯಲಿಲ್ಲ. ಯಾರೋ ಪಾಸ್‌ವರ್ಡ್ ಬದಲಾಯಿಸಿದ್ದರು. ಅದನ್ನು ಬಿಡಿಸಿಕೊಳ್ಳಲು ಹನ್ನೊಂದು ದಿನ ಹಿಡಿಯಿತು. ತೆರೆದು ನೋಡಿದರೆ ಹಿರೇಕೊಡಿಗೆಯ ನಯನಳಿಗೆ ಬಂದಿದ್ದ ಕಾಗದ ಅದರಲ್ಲಿತ್ತು. ಲ್ಯಾಬ್ ತರಬೇತಿ ಮುಗಿಸಿದ್ದ ನಯನ ಮಂಗಳೂರಿನ ಒಂದು ಆಸ್ಪತ್ರೆಗೆ ಅರ್ಜಿ ಹಾಕಿದ್ದಳು. ಸಂದರ್ಶನಕ್ಕೆ ಕರೆದಿದ್ದರು. ಅದು ಮುಗಿದು ಎರಡು ದಿನವಾಗಿತ್ತು.

ಆಸ್ಪತ್ರೆಗೆ ಫೋನ್ ಮಾಡಿದರೆ, ಕೆಲಸಕ್ಕೆ ಬೇರೆಯವರನ್ನು ತೆಗೆದುಕೊಂಡಾಯಿತು ಎಂದರು. ನಯನ ಅಳಲಿಲ್ಲ. "ಇರ್ಲಿ ಸರೋಜಕ್ಕ, ನೀವೇನು ಬೇಕೂಂತ ಮಾಡಿದ್ದಲ್ವಲ್ಲ," ಎಂದು ಕೊಡೆ ತೆಗೆದುಕೊಂಡು ಹೊರಟಳು. ಬೈದಿದ್ದರೆ ಸರೋಜಳಿಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಅಡ್ಡಗದ್ದೆಯ ಗೋದಾವರಿ ಮೇಡಂ ಶೃಂಗೇರಿಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವರು, ಬಳಕೆದಾರರ ಸಂಘದಲ್ಲೂ ಇದ್ದವರು. ಪ್ರಶ್ನೆಪತ್ರಿಕೆ ಟೈಪು ಮಾಡಿಸಲು ಬಂದಾಗ ಸರೋಜ ಎಲ್ಲವನ್ನೂ ಹೇಳಿದಳು. ಅವರು ಕಂಪ್ಯೂಟರನ್ನು ಒಂದು ಗಂಟೆ ತಡಕಿ ನೋಡಿದರು.

"ನೋಡು ಸರೋಜ, ಆಟದ ಜೊತೆ ಇನ್ನೊಂದು ಪ್ರೋಗ್ರಾಂ ನಿನ್ನನ್ನ ಕೇಳದೆ ಒಳಗೆ ಬಂದು ಕೂತಿದೆ. ನಕಲು ತಡೆಯೋಕೆ ಅಂತ ಕಂಪನಿಯವರೇ ಇಟ್ಟದ್ದು. ಸಿ.ಡಿ. ಬರೆಯೋ ಸಾಫ್ಟ್‌ವೇರ್ ಕಂಡ್ರೆ ಸಾಕು, ಈಕೆ ಕಳ್ಳಿ ಅಂತ ತಿಳ್ಕೊಂಡು ಅಡ್ಡ ಹಾಕ್ತದೆ. ಆಟ ತೆಗೆದ್ರೂ ಅದು ಹೋಗಲ್ಲ."

"ಇಮೇಲ್ ಹೋಗಿದ್ದು?"

"ಆಟ ಶುರು ಮಾಡೋಕೆ ಹೆಸರು, ಫೋನು, ಇಮೇಲ್, ಪಾಸ್‌ವರ್ಡ್ ಎಲ್ಲ ಕೇಳಿದ್ರಲ್ಲ? ಕಂಪನಿಯವರ ಹತ್ರ ಇದ್ದ ಆ ಪಟ್ಟಿನೇ ಕಳುವಾಗಿದೆ. ಪೇಪರಲ್ಲಿ ಬಂದಿತ್ತು. ಆಟಕ್ಕೂ ಇಮೇಲ್‌ಗೂ ಒಂದೇ ಪಾಸ್‌ವರ್ಡ್ ಇಟ್ಟಿದ್ಯಾ?"

"ನೆನಪಿರ್ಲಿ ಅಂತ," ಎಂದಳು ಸರೋಜ ಸಣ್ಣ ದನಿಯಲ್ಲಿ.

"ಅದು ನಿನ್ನ ತಪ್ಪು. ಉಳಿದದ್ದೆಲ್ಲ ಅವರದ್ದು."

ಸರೋಜಳ ಮೈಯೆಲ್ಲ ಉರಿಯಿತು. ನನ್ನ ಮನೆಗೆ ನುಗ್ಗಿ ಕಾವಲು ಕೂತವರಿಗೆ ತಮ್ಮ ಮನೆ ಬಾಗಿಲು ಹಾಕಿಕೊಳ್ಳಲು ಆಗಲಿಲ್ಲವೇ?

ಗೋದಾವರಿಯವರು ಹೇಳಿಕೊಟ್ಟಂತೆ ಅವಳು ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ದೂರು ಬರೆದಳು. ಆಟ ಹಾಕುವಾಗ 'ಒಪ್ಪಿಗೆ ಇದೆ' ಎಂದು ನೀವೇ ಒತ್ತಿದ್ದೀರಿ, ನಮ್ಮ ಜವಾಬ್ದಾರಿ ಏನೂ ಇಲ್ಲ, ಎಂದು ಉತ್ತರ ಬಂತು. ಅದನ್ನು ಓದಿ ಸಂತೋಷ, "ಇನ್ನು ಬಿಡು. ಆನೆ ಜೊತೆ ಇರುವೆ ಜಗಳ ಆಡ್ಲಿಕ್ಕಾಗ್ತದಾ?" ಎಂದ.

"ನಾಳೆ ನಿಮ್ಮ ಬಸ್ಸಿಗೆ ಟಿಕೆಟ್ ತಗೊಂಡವರನ್ನೇ ಕಳ್ಳ ಅಂತ ಅರ್ಧ ದಾರೀಲಿ ಇಳಿಸ್ತೀರಾ?" ಎಂದಳು ಸರೋಜ. "ಟಿಕೆಟ್ ಇಲ್ಲದವರನ್ನ ಕೂರಿಸ್ಕೊಂಡು ಹೋಗ್ತೀರಾ?"

ಅವಳು ಚಿಕ್ಕಮಗಳೂರಿನ ಗ್ರಾಹಕರ ವೇದಿಕೆಗೆ ದೂರು ಕೊಟ್ಟಳು. ಕೇಸು ವಿಚಾರಣೆಗೆ ಬಂದ ದಿನ ಸಂತೋಷ ರಜೆ ಹಾಕಿ ಜೊತೆಗೆ ಹೋದ.

ಸರೋಜ ವಕೀಲರನ್ನು ಇಟ್ಟುಕೊಳ್ಳಲಿಲ್ಲ. ಬಿಲ್ಲು, ಸಿ.ಡಿ.ಯ ಡಬ್ಬಿ, ರಿಪೇರಿ ಚೀಟಿ, ಕಂಪನಿಯ ಕಾಗದ ಎಲ್ಲವನ್ನೂ ಮೇಜಿನ ಮೇಲಿಟ್ಟಳು. "ಒಳಗೆ ಇಂಥದ್ದೊಂದು ಇದೆ ಅಂತ ಡಬ್ಬಿ ಮೇಲೆ ಎಲ್ಲಾದ್ರೂ ಬರೆದಿದ್ರೆ ತೋರಿಸಲಿ," ಎಂದಳು. ಕಂಪನಿಯ ವಕೀಲರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬರೆದಿರಲಿಲ್ಲ.

ನಾಲ್ಕು ಸಲ ಓಡಾಡಿದ ಮೇಲೆ ತೀರ್ಪು ಬಂತು. ಆಟದ ಹಣ, ರಿಪೇರಿ ಖರ್ಚು, ತೊಂದರೆಗೆ ಪರಿಹಾರ ಕೊಡಬೇಕು, ಆ ಪ್ರೋಗ್ರಾಂ ಅನ್ನು ಕಂಪನಿಯೇ ತೆಗೆಸಬೇಕು ಎಂದಾಯಿತು. ಇಮೇಲ್ ಕಳುವಾದದ್ದಕ್ಕೆ ಕಂಪನಿಯೇ ಕಾರಣ ಎನ್ನಲು ಸಾಕ್ಷಿ ಸಾಲದು ಎಂದೂ ಅದರಲ್ಲಿ ಬರೆದಿತ್ತು. ನಯನಳ ಕೈತಪ್ಪಿದ ಕೆಲಸಕ್ಕೆ ಯಾರೂ ಉತ್ತರ ಕೊಡಲಿಲ್ಲ. ಗೆದ್ದು ಬಂದ ದಿನವೂ ಸರೋಜಳ ಸಿಟ್ಟು ಇಳಿಯದೇ ಇದ್ದದ್ದು ಅದಕ್ಕೇ.

ಈಗ ಅವಳು ಯಾರ ಕಾಗದವನ್ನೂ ತನ್ನ ಇಮೇಲ್‌ಗೆ ತರಿಸುವುದಿಲ್ಲ. ಬಂದವರನ್ನು ಕೂರಿಸಿ ಅವರದ್ದೇ ಇಮೇಲ್ ಮಾಡಿಕೊಡುತ್ತಾಳೆ. ಮೊದಲು ಮಾಡಿಕೊಟ್ಟದ್ದು ನಯನಳಿಗೆ. ಅವಳು ಪಾಸ್‌ವರ್ಡ್ ಹಾಕುವಾಗ ಸರೋಜ ಮುಖ ತಿರುಗಿಸಿ ಕೂತಿದ್ದಳು. ಸಂತೋಷನೂ ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ, "ಬಿಲ್ ಬಿಸಾಕ್ಬೇಡಿ ಮಾರಾಯ್ರೇ," ಎನ್ನುತ್ತಾನೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಕಂಪ್ಯೂಟರ್ ಬಂದಿರಬಹುದು, ನಾಳೆ ಬರಬಹುದು. ಅಸಲಿ ಮಾಲನ್ನೇ ಕೊಳ್ಳಿ, ಬಿಲ್ಲು ಮತ್ತು ಡಬ್ಬಿ ಜೋಪಾನ ಮಾಡಿ. ಕೇಳಿದರು ಅಂತ ಎಲ್ಲ ವಿವರ ಕೊಡಬೇಡಿ. ಒಂದೊಂದು ಕಡೆಗೆ ಒಂದೊಂದು ಪಾಸ್‌ವರ್ಡ್ ಇಡಿ. ಮೋಸವಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ವೇದಿಕೆಗೆ ದೂರು ಕೊಡಿ, ನಿಮ್ಮ ಮಾತನ್ನು ನೀವೇ ಹೇಳಬಹುದು. ದುಡ್ಡು ಕೊಟ್ಟು ಕೊಂಡವರು ತಲೆ ತಗ್ಗಿಸಬೇಕಾಗಿಲ್ಲ. ಸಿಟ್ಟು ಬಂದರೆ ನುಂಗಬೇಡಿ, ಬರೆದು ಕಳಿಸಿ.