ಮಿತ್ಕೊ ಅಣ್ಣನ ಹೊಸ ಬಲ್ಬು

"ನೀಲಿ ಬೇಕಾ, ಬಿಳಿ ಬೇಕಾ, ಮಾಮೂಲಿ ಹಳದಿ ಸಾಕಾ?" ಎಂದು ಅಂಗಡಿಯ ಕ್ರೂಮ್ ಮೂರು ಡಬ್ಬಿಗಳನ್ನು ಗಲ್ಲಾದ ಮೇಲೆ ಸಾಲಾಗಿ ಇಟ್ಟ.

ಸ್ತೊಯ್ನಾಗೆ ಬಲ್ಬಿನ ಗಂಧವೂ ತಿಳಿಯದು. ಹೊಲಿಗೆ ಕಾರ್ಖಾನೆಯ ಊಟದ ಬಿಡುವಿನಲ್ಲಿ, ಮೈಮೇಲಿನ ಏಪ್ರನ್ ಕೂಡ ಬಿಚ್ಚದೆ, ಈ ಕಾರಿನ ಬಿಡಿಭಾಗಗಳ ಅಂಗಡಿಗೆ ಓಡಿ ಬಂದಿದ್ದಳು. ಅವತ್ತು ಸಂತ ದಿಮಿತರನ ದಿನ, ಆ ಹೆಸರಿಟ್ಟುಕೊಂಡವರಿಗೆಲ್ಲ ಹಬ್ಬ. ಬೆಟ್ಟದ ಮೇಲಿನ ಊರಿಂದ ಅವಳನ್ನೂ ಇನ್ನಿಬ್ಬರು ಹೆಂಗಸರನ್ನೂ ದಿನಾ ತನ್ನ ಕಾರಿನಲ್ಲಿ ಪಟ್ಟಣಕ್ಕೆ ಕರೆತಂದು ಬಿಡುವವನು ದಿಮಿತರ್, ಎಲ್ಲರ ಬಾಯಲ್ಲಿ ಮಿತ್ಕೊ ಅಣ್ಣ. ಹೋದ ವರ್ಷ ಮೂವರೂ ಸೇರಿ ಅವನಿಗೆ ಸ್ವೆಟರ್ ಕೊಟ್ಟಿದ್ದರು. ಈ ವರ್ಷ ಹೆಡ್‌ಲೈಟಿನ ಬಲ್ಬು ಕೊಡೋಣ ಎಂದವಳು ಸ್ತೊಯ್ನಾ.

"ಯಾವುದು ಜಾಸ್ತಿ ಕಾಣಿಸತ್ತೋ ಅದು ಕೊಡು" ಎಂದಳು.

"ಹಾಗಾದ್ರೆ ನೀಲಿ ಮುಟ್ಟಬೇಡ. ಅದು ಹುಡುಗರ ಶೋಕಿ. ನೋಡೋಕೆ ಚೆನ್ನ, ರಸ್ತೆ ಒದ್ದೆ ಆಯ್ತೋ, ಬೆಳಕೆಲ್ಲ ಟಾರೇ ಕುಡಿದುಬಿಡತ್ತೆ. ಈ ಬಿಳಿ ತಗೋ, ಮಾಮೂಲಿಗಿಂತ ದೂರ ಹೊಡೆಯತ್ತೆ." ಕ್ರೂಮ್ ತಲೆ ತುರಿಸಿಕೊಂಡ. "ಅಲ್ಲ, ಮುಂದಿನ ಗಾಜು ಮಬ್ಬಾಗಿಲ್ಲ ತಾನೇ? ಗಾಜು ಮಬ್ಬಾಗಿದ್ರೆ ಎಂಥ ಬಲ್ಬು ಹಾಕಿದ್ರೂ ಅಷ್ಟೇ."

ಗಾಜು ಮಬ್ಬಾಗಿರಲಿಲ್ಲ. ಮಿತ್ಕೊ ಪ್ರತಿ ಭಾನುವಾರ ಟೂತ್‌ಪೇಸ್ಟ್ ಹಚ್ಚಿ ಅದನ್ನು ಉಜ್ಜುತ್ತಿದ್ದ. ಅದು ಸ್ತೊಯ್ನಾಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅವಳಿಗೆ ಭಯ.

ಮುಂದಿನ ಸೀಟಿನಲ್ಲಿ ಕೂರುವವಳು ಅವಳು. ಕಳೆದ ಮಂಗಳವಾರ ಬೆಳಗಿನ ಕತ್ತಲಲ್ಲಿ, ಸೌದೆ ಹೊರಿಸಿದ ಕತ್ತೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ಅವಳಿಗೆ ನೂರು ಹೆಜ್ಜೆ ದೂರದಿಂದಲೇ ಕಂಡಿದ್ದ. ಅವಳು ಕಿರುಚಿಕೊಂಡ ಮೇಲೆ ಮಿತ್ಕೊ ಸ್ಟಿಯರಿಂಗ್ ಚಕ್ರ ತಿರುಗಿಸಿದ. "ಬಲ್ಬು ಮೇಣದಬತ್ತಿ ಆಗೋಗಿದೆ ಕಣಮ್ಮ" ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಊರಿಗಿದ್ದ ಒಂದು ಬಸ್ಸು ನಿಂತು ಎರಡು ವರ್ಷವಾಗಿತ್ತು. ಮಿತ್ಕೊನ ಕಾರು ನಿಂತರೆ ಮೂವರ ಕೆಲಸವೂ ನಿಲ್ಲುತ್ತದೆ. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ ಎಂದು ಅವನೇ ಒಮ್ಮೆ ಯಾರ ಬಗ್ಗೆಯೋ ಹೇಳುವಂತೆ ಹೇಳಿದ್ದ. ಹಾಗಾಗಿ ದೋಷ ಬಲ್ಬಿನದೇ ಆಗಿರಲಿ ಎಂದು ಸ್ತೊಯ್ನಾ ಸಂತ ದಿಮಿತರನಿಗೆ ಮೇಣದಬತ್ತಿ ಹಚ್ಚಿ ಬೇಡಿಕೊಂಡಿದ್ದಳು. ಜೋಡಿ ಬಲ್ಬಿನ ಬಿಳಿ ಡಬ್ಬಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು.

ಸಂಜೆ ಪಾಳಿ ಮುಗಿದ ಮೇಲೆ ಕ್ರೂಮ್ ತನ್ನ ಅಂಗಡಿಯ ಮುಂದೆಯೇ ಬಲ್ಬು ಹಾಕಿಕೊಟ್ಟ. ಮಿತ್ಕೊ ಒಳಗೆ ಹೋಗಿ ಹಬ್ಬದ ಲೆಕ್ಕದಲ್ಲಿ ಅಂಗಡಿಯವರಿಗೆಲ್ಲ ಚಾಕೊಲೇಟ್ ಹಂಚಿ ಬರುವಷ್ಟರಲ್ಲಿ ಎಡಗಡೆಯದು ಮುಗಿದಿತ್ತು. ಕ್ರೂಮ್ ಲೈಟು ಹಾಕಿದ. ಎದುರು ಗೋಡೆಯ ಮೇಲೆ ಎಡಕ್ಕೆ ಹಾಲು ಚೆಲ್ಲಿದಂತೆ, ಬಲಕ್ಕೆ ಚಹಾ ಚೆಲ್ಲಿದಂತೆ ಎರಡು ಬೆಳಕು ಬಿದ್ದವು.

"ಯಾವುದು ಹೊಸದು ಹೇಳಪ್ಪ ನೋಡೋಣ, ಹಬ್ಬದ ಯಜಮಾನ" ಎಂದ ಕ್ರೂಮ್.

ಮಿತ್ಕೊ ಸೊಂಟಕ್ಕೆ ಕೈಕೊಟ್ಟು ಗೋಡೆ ನೋಡಿದ. ಕಣ್ಣು ಕಿರಿದು ಮಾಡಿ ಇನ್ನೊಮ್ಮೆ ನೋಡಿದ. "ಅದೇನು ಕೇಳ್ತೀಯ, ಬಲಗಡೆದು. ಹಗಲೇ ಮಾಡಿಬಿಟ್ಟಿದೆ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿತ್ಕೊನ ತಮಾಷೆ ಊರಿಗೇ ಗೊತ್ತು. ಅವನೂ ನಕ್ಕ, ಆದರೆ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಸ್ತೊಯ್ನಾ ಮಾತ್ರ ನಗದೆ ಗೋಡೆಯನ್ನೇ ನೋಡಿದಳು. ಕ್ರೂಮ್ ಬಲಗಡೆಯದನ್ನೂ ಹಾಕಿ, ಹತ್ತಿರದ ಬೆಳಕು, ದೂರದ ಬೆಳಕು ಎರಡನ್ನೂ ಪರೀಕ್ಷಿಸಿ, ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ.

ಪಟ್ಟಣ ದಾಟುವಷ್ಟರಲ್ಲಿ ಪೂರ್ತಿ ಕತ್ತಲಾಯಿತು. ಹಿಂದೆ ಕುಳಿತ ವ್ಯಾರಾ ಮತ್ತು ದೊಬ್ರಿನ್ಕಾ ಮಿತ್ಕೊನ ಹೆಂಡತಿ ಬೇಯಿಸಿಟ್ಟಿರುವ ಕುರಿ ಮಾಂಸದ ಮಾತಾಡುತ್ತಿದ್ದರು. ಈ ದಿನ ಕರೆಯದೆಯೂ ಊರೆಲ್ಲ ಅವನ ಮನೆಗೆ ಬರುತ್ತದೆ. ಮೊದಲ ತಿರುವಿನಲ್ಲಿ ಎದುರು ಬಂದ ಕಾರು ಎರಡು ಸಲ ಲೈಟು ಮಿನುಗಿಸಿತು.

"ಮುಂದೆ ಪೊಲೀಸರಿದ್ದಾರೆ" ಎಂದ ಮಿತ್ಕೊ, ವೇಗ ತಗ್ಗಿಸಿ, ಎಚ್ಚರಿಸಿದ ಪುಣ್ಯಾತ್ಮನಿಗೆ ಕೈ ಎತ್ತಿದ. ಆ ರಸ್ತೆಯಲ್ಲಿ ಅದು ಅಪ್ಪನ ಕಾಲದಿಂದ ನಡೆದುಬಂದ ಉಪಕಾರ.

ಪೊಲೀಸರು ಇರಲಿಲ್ಲ. ಇನ್ನೊಂದು ಕಾರು ಮಿನುಗಿಸಿತು. ಮಿತ್ಕೊ ಮತ್ತೆ ಕೈ ಎತ್ತಿದ.

"ಇವತ್ತೇನು ಪೊಲೀಸರಿಗೂ ಜಾತ್ರೆನಾ?" ಎಂದಳು ದೊಬ್ರಿನ್ಕಾ.

"ಅವರಲ್ಲೂ ದಿಮಿತರ್‌ಗಳು ಇರ್ತಾರಲ್ಲಮ್ಮ."

ಸ್ತೊಯ್ನಾ ನಗಲಿಲ್ಲ. ರಸ್ತೆಯ ನಡುವಿನ ಬಿಳಿ ಗೆರೆ ಸ್ವಲ್ಪಸ್ವಲ್ಪವೇ ಬಲಬದಿಯಲ್ಲೇ ಇರಬೇಕಾದ ಕಾರಿನ ಅಡಿಗೆ ಬರುತ್ತಿತ್ತು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ಹೇಳಿದರೆ ನಾಳೆ ಹೇಗೆ? ಅಷ್ಟರಲ್ಲಿ ಎದುರಿಂದ ಮರದ ಲಾರಿ ಬಂತು. ಅದು ಮಿನುಗಿಸಲಿಲ್ಲ, ಒಂದೇ ಸಮನೆ ಹಾರ್ನ್ ಹೊಡೆಯಿತು.

"ಬಲಕ್ಕೆ ಅಣ್ಣ, ಬಲಕ್ಕೆ" ಎಂದು ಸ್ತೊಯ್ನಾ ಚಕ್ರಕ್ಕೇ ಕೈ ಹಾಕಿದಳು. ಲಾರಿ ಗಾಳಿ ಎಬ್ಬಿಸಿ ಹಾದುಹೋಯಿತು. ಕಾರು ರಸ್ತೆ ಬದಿಯ ಕಲ್ಲುಕಟ್ಟೆಯ ನಲ್ಲಿಯ ಹತ್ತಿರ ಹೋಗಿ ನಿಂತಿತು. ಹಿಂದೆ ವ್ಯಾರಾ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಳ್ಳುತ್ತಿದ್ದಳು.

ಮಿತ್ಕೊ ಇಳಿದು ನಲ್ಲಿಯ ನೀರಿನಲ್ಲಿ ಮುಖ ತೊಳೆದ, ಎರಡು ಸಲ. ಸ್ತೊಯ್ನಾ ಹೋಗಿ ಪಕ್ಕದಲ್ಲಿ ನಿಂತಳು.

"ಎಡಗಡೆದು ಹೊಸದಾಗಿತ್ತು ಅಣ್ಣ."

"ತಮಾಷೆಗೆ ಹಂಗಂದೆ."

ನೀರು ಬೀಳುತ್ತಲೇ ಇತ್ತು.

"ನಿನ್ನೊಬ್ಬಳಿಗೇ ನಗು ಬರಲಿಲ್ಲ, ನೋಡಿದೆ" ಎಂದ ಮಿತ್ಕೊ. ನಲ್ಲಿಯ ಕಟ್ಟೆಗೆ ಕೈಯೂರಿ, "ಚಳಿಗಾಲ ಒಂದು ಕಳೀಲಿ ಅಂದ್ಕೊಂಡಿದ್ದೆ. ನಾನು ನಿಂತ್ರೆ ನೀವೇನು ಮಾಡ್ತೀರ?"

ಆ ಪ್ರಶ್ನೆಗೆ ಉತ್ತರ ಸ್ತೊಯ್ನಾಳ ಪರ್ಸಿನಲ್ಲೇ ಇತ್ತು. ಇಪ್ಪತ್ತನೇ ವಯಸ್ಸಿನಲ್ಲಿ ಸಹಕಾರ ಸಂಘದ ಹಾಲಿನ ಗಾಡಿಯನ್ನು ಇದೇ ರಸ್ತೆಯಲ್ಲಿ ಓಡಿಸಿದವಳು ಅವಳು. ಮದುವೆಯಾದ ಮೇಲೆ, ನೀನು ಚಕ್ರ ಹಿಡಿದರೆ ಊರ ಕೋಳಿಗಳಿಗೆ ಕೇಡು ಎಂದು ಗಂಡ ನಕ್ಕಿದ್ದ. ಗಂಡ ಹೋಗಿ ಆರು ವರ್ಷವಾದರೂ ಆ ನಗು ಹೋಗಿರಲಿಲ್ಲ. ಲೈಸೆನ್ಸ್ ಮಾತ್ರ ಯಾಕೋ ತಪ್ಪದೆ ನವೀಕರಿಸಿಕೊಂಡು ಬಂದಿದ್ದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಷ್ಟು ದಿನ ಕಾದದ್ದು ತಾನೇ ಎಂದು ಅವಳಿಗೆ ನಾಚಿಕೆಯಾಯಿತು.

"ಕೀಲಿ ಕೊಡು ಅಣ್ಣ."

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಕೀಲಿ ಕಾರಲ್ಲೇ ಇದೆ" ಎಂದ. ಬಾಗಿಲ ಹತ್ತಿರ ಒಂದು ಕ್ಷಣ ನಿಂತು, ಆಮೇಲೆ ಸುತ್ತಿ ಬಂದು ಅವಳ ಜಾಗದಲ್ಲಿ ಕುಳಿತ. "ಎರಡನೇ ಗೇರು ಸ್ವಲ್ಪ ಹಟ ಮಾಡತ್ತೆ. ಬೈಬೇಡ, ನಿಧಾನಕ್ಕೆ ಹಾಕು."

ಸ್ತೊಯ್ನಾ ಸೀಟು ಮುಂದಕ್ಕೆ ಎಳೆದುಕೊಂಡಳು. ಆಗ ಅವಳಿಗೆ ಚಕ್ರದ ಹಿಂದೆ, ವೇಗದ ಮುಳ್ಳಿನ ಪಕ್ಕದಲ್ಲಿ, ಉರಿಯುತ್ತಿದ್ದ ಚಿಕ್ಕ ನೀಲಿ ದೀಪ ಕಂಡಿತು. ಎದುರಿನವರ ಕಣ್ಣು ಕುಕ್ಕುವ ದೂರದ ಬೆಳಕು ಹಾಕಿದಾಗ ಮಾತ್ರ ಹತ್ತುವ ದೀಪ. ಪಟ್ಟಣದಿಂದ ಇಲ್ಲಿಯವರೆಗೆ ಅದು ಮಿತ್ಕೊನ ಮುಖದ ಎದುರಿಗೇ ಉರಿದಿತ್ತು. ಅವಳು ಚಕ್ರದ ಪಕ್ಕದ ಲೈಟಿನ ಕಡ್ಡಿ ಎಳೆದಳು. ನೀಲಿ ಆರಿತು.

ಎರಡನೇ ಗೇರು ಒಂದು ಸಲ ಗೊರಗುಟ್ಟಿ ಬಿತ್ತು. ಮೇಲಿನ ತಿರುವಿನಲ್ಲಿ ಎದುರಿನ ಬಂಡೆ ಬೆಳಗಿತು, ಕಾರೊಂದು ಇಳಿದು ಬರುತ್ತಿತ್ತು. ಮಿತ್ಕೊ ಅಭ್ಯಾಸಬಲದಿಂದ ಕೈ ಎತ್ತಿ ಕಾದ.

ಕಾರು ಮಿನುಗಿಸದೆ ಹಾದುಹೋಯಿತು. ಅವನ ಕೈ ಗಾಜಿನ ಹತ್ತಿರ ಹಾಗೇ ಇತ್ತು. ಆಮೇಲೆ ಮೆಲ್ಲಗೆ ಇಳಿದು, ತೊಡೆಯ ಮೇಲೆ ಇನ್ನೊಂದು ಕೈಯನ್ನು ಹುಡುಕಿಕೊಂಡಿತು.